ನಲವತ್ತು ವಿಷಯಗಳ ಪಟ್ಟಿ ಕೇಳಿದ ಗೆಳೆಯನಿಗೆ

ಪ್ರಿಯ ಗೆಳೆಯಾ,

ಒಂಬತ್ತನೇ ತರಗತಿಯ ಮಕ್ಕಳಿಂದ ಸಂಶೋಧನಾ ಪ್ರಬಂಧ ಬರೆಸಬೇಕು, ನಲವತ್ತು ವಿಷಯ ಕಳಿಸು ಅಂತ ಕೇಳಿದ್ದೀಯ. ಕಳಿಸೋದಿಲ್ಲ ಕಣೋ. ಪಟ್ಟಿ ಗೋಡೆಗೆ ಅಂಟಿದ ದಿನವೇ ಕೆಲಸ ಕೆಡುತ್ತೆ. ಮುಂದಿನ ಬೆಂಚಿನವರು ಸುಲಭದ್ದು ಹಿಡೀತಾರೆ, ಉಳಿದವರಿಗೆ ‘ಪರಿಸರ ಮಾಲಿನ್ಯ’, ‘ಮೊಬೈಲಿನ ದುಷ್ಪರಿಣಾಮ’. ಅವುಗಳಲ್ಲಿ ಪ್ರಶ್ನೆಯೇ ಇಲ್ಲ. ಪ್ರಶ್ನೆ ಇಲ್ಲದ ಕಡೆ ಮಕ್ಕಳು ನಕಲಿಳಿಸದೆ ಇನ್ನೇನು ಮಾಡಬೇಕು ಹೇಳು?

ಬದಲಿಗೆ ಜೇಬಿಗೆ ಹಿಡಿಸೋ ಒಂದು ಪುಸ್ತಕ ಕೊಡು. ಆರು ದಿನ, ದಿನಕ್ಕೆ ಮೂರು ಸಾಲು: ಶಾಲೆಯ ದಾರೀಲಿ, ಮನೇಲಿ ಕಂಡದ್ದು, ‘ಇದ್ಯಾಕೆ ಹೀಗೆ’ ಅನ್ನಿಸಿದ್ದು. ಶನಿವಾರಕ್ಕೆ ಒಬ್ಬೊಬ್ಬರ ಹತ್ತಿರ 18 ಸಾಲು ಕೂಡುತ್ತೆ. ಒಂದೊಂದನ್ನೂ ಹೀಗೆ ಜರಡಿ ಹಿಡಿ: ಮಗು ನಡೆದುಹೋಗಿ ಮತ್ತೆ ನೋಡಬಹುದಾ? ಕೇಳೋಕೆ ಇಬ್ಬರು ಹಿರಿಯರು, ಓದೋಕೆ ಒಂದಾದರೂ ದಾಖಲೆ ಇದೆಯಾ? ಉತ್ತರ ನಿನಗೆ ಮೊದಲೇ ಗೊತ್ತಾ? ಗೊತ್ತಿದ್ದರೆ ಅದನ್ನು ಬಿಡು, ಮಗು ನಿನ್ನ ಉತ್ತರವನ್ನೇ ಬರೆದು ತರುತ್ತೆ.

‘ಕೆರೆ ಏರಿ ಮೇಲೆ ಒಂದು ಕೆತ್ತಿದ ಕಲ್ಲಿದೆ’ ಅಂತ ಒಬ್ಬ ಬರೆದ ಅಂದುಕೋ. ಅದು ವೀರಗಲ್ಲು, ಅಂದರೆ ಹೋರಾಡಿ ಸತ್ತವರ ನೆನಪಿಗೆ ನೆಟ್ಟ ಕಲ್ಲು ಇರಬಹುದು. ‘ಕರ್ನಾಟಕದ ವೀರಗಲ್ಲುಗಳು’ ಅಂತ ಹಿಗ್ಗಿಸಬೇಡ. ‘ನಮ್ಮೂರ ವೀರಗಲ್ಲುಗಳಲ್ಲಿ ಯಾವ ಪ್ರಾಣಿಗಳಿವೆ, ಏನು ಮಾಡ್ತಿವೆ?’ ಅಂತ ಕಿರಿದು ಮಾಡು. ಸಾಮಾನ್ಯವಾಗಿ ಮೂರು ಅಂತಸ್ತು ಇರುತ್ತೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯೋ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಕೆಳಗೆ ದನ ಕಂಡರೆ ತುರುಗಾಳಗ, ಅಂದರೆ ದನಗಳಿಗಾಗಿ ನಡೆದ ಕಾಳಗ ಇರಬಹುದು, ಹುಲಿಯೋ ಹಂದಿಯೋ ಕಂಡರೆ ಬೇಟೆ. ಮೊದಲು ಟೇಪಿನಲ್ಲಿ ಅಳೆಯಲಿ, ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳಲಿ. ಚಿತ್ರ ಬರೆದ ಕೈಗೆ ಕಂಡಷ್ಟು ಫೋಟೋ ತೆಗೆದ ಕಣ್ಣಿಗೆ ಕಾಣೋದಿಲ್ಲ. ಫೋಟೋಗೆ ಬಿಸಿಲು ಎದುರಿನಿಂದ ಬಡಿಯೋ ಹೊತ್ತು ಬೇಡ, ಪಕ್ಕದಿಂದ ಸವರಿಕೊಂಡು ಹೋಗಬೇಕು. ಆಗಲೇ ಸವೆದ ಅಕ್ಷರಕ್ಕೂ ನೆರಳು ಬರೋದು. ಕಲ್ಲು ನೆರಳಲ್ಲಿದ್ದರೆ ಪಕ್ಕದಿಂದ ಟಾರ್ಚು ಹಿಡಿಸು. ಸೀಮೆಸುಣ್ಣ ಮಾತ್ರ ಉಜ್ಜಲು ಬಿಡಬೇಡ.

ಬರಹವಿದ್ದರೆ, ಬಿ. ಎಲ್. ರೈಸ್ 1886ರಲ್ಲಿ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕ ಅನ್ನೋ ಶಾಸನ ಸಂಗ್ರಹದ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕು ತೆಗೆದು ಹುಡುಕಿಸು. ಊರಿನ ಹೆಸರು ಹಳೇ ರೂಪದಲ್ಲಿರಬಹುದು, ತಾಲ್ಲೂಕಿನ ಗಡಿಯೂ ಬದಲಾಗಿರಬಹುದು. ‘ಸಿಗಲಿಲ್ಲ ಸಾರ್’ ಅಂತ ಮಕ್ಕಳು ವಾಪಸಾಗೋದು ಇಲ್ಲೇ. ಜೊತೆಗೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಚಿತ್ರ ತೋರಿಸು. ಹತ್ತನೇ ಶತಮಾನದ್ದು, ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಯ ನೆನಪಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ‘ನಾಯಿಗೂ ಕಲ್ಲು ನೆಡ್ತಿದ್ರಾ?’ ಅಂದ ಮಗುವಿಗೆ ನೀನು ಇನ್ನು ವಿಷಯ ಕೊಡಬೇಕಾಗಿಲ್ಲ.

ಪ್ರಬಂಧಕ್ಕೆ ನಾಲ್ಕು ವಾರ, 800 ಪದ ಸಾಕು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮೇಲಿಂದ ಓದಿಕೊಂಡು ಬಂದಾಗ ಒಂದು ಕಸಿವಿಸಿ. ಇಲ್ಲೀವರೆಗಿನ ಪತ್ರದ ಅರ್ಧಕ್ಕಿಂತ ಹೆಚ್ಚು ಕಲ್ಲಿಗೇ ಹೋಗಿದೆ. ಕಲ್ಲು ಅಂದ ಕೂಡಲೇ ನಮ್ಮ ಮುಖ ಅರಳುತ್ತೆ, ಮಕ್ಕಳು ಅದನ್ನು ಓದಿಬಿಡ್ತಾರೆ. ಬೀಡಿ ಕಟ್ಟೋ ಅಮ್ಮನ ಮಗಳು ಆ ಮೂರು ಸಾಲಿನಲ್ಲಿ ‘ಎಣಿಸುವವರು ಇಷ್ಟು ಬೀಡಿ ಸರಿಯಿಲ್ಲ ಅಂತ ಯಾಕೆ ತಳ್ಳಿಬಿಡ್ತಾರೆ’ ಅಂತ ಬರೆದು, ನಮ್ಮ ಮುಖ ನೋಡಿ ತಾನೇ ಆ ಸಾಲು ಹೊಡೆದು ಹಾಕ್ತಾಳೆ. ಸಾವಿರಕ್ಕೆ ಕೂಲಿ ಎಷ್ಟು, ತಳ್ಳಿದ್ದು ಎಷ್ಟು, ಕೂತ ಗಂಟೆ ಎಷ್ಟು ಅಂತ ಅವಳು ಒಂದು ವಾರ ಬರೆದಿಟ್ಟರೆ ಅಂಥ ದಾಖಲೆ ಯಾವ ಗ್ರಂಥಾಲಯದಲ್ಲೂ ಸಿಗೋದಿಲ್ಲ. ಆ ಹೊಡೆದುಹಾಕಿದ ಸಾಲುಗಳು ನನ್ನನ್ನು ತುಂಬಾ ಕಾಡ್ತಿವೆ. ನಾವು ‘ಮಕ್ಕಳೇ ಆರಿಸಿದ್ದು’ ಅಂತೀವಲ್ಲ, ಅದರಲ್ಲಿ ಎಷ್ಟು ನಮ್ಮದು ಅಂತ ಹೆದರಿಕೆಯಾಗುತ್ತೆ.

ಪುಸ್ತಕ ತಿದ್ದುವಾಗ ಹೊಡೆದ ಸಾಲುಗಳನ್ನೂ ಓದು. ಎಲ್ಲರೆದುರು ಬೇಡ, ಪಕ್ಕಕ್ಕೆ ಕರೆದು ಕೇಳು. ಒಪ್ಪಿದರೆ ಮಾತ್ರ ಮುಂದುವರಿ, ಮನೆಯವರ ಹೆಸರು ಬರೆಸಬೇಡ. ಇದನ್ನು ಓದ್ತಿರೋ ಬೇರೆ ಮೇಷ್ಟ್ರುಗಳಿಗೂ ಇದೇ ಕೋರಿಕೆ.

ಇಷ್ಟೊಂದು ಹೇಳೋಕೆ ಕೂತಿರಲಿಲ್ಲ ಮಾರಾಯ. ಐದು ಮೀಟರಿನ ಟೇಪು ಎರಡು ತರಿಸಿಟ್ಟಿರು, ಮುಂದಿನ ಶನಿವಾರ ಬರ್ತೀನಿ.

ನಿನ್ನ,
ಕೊನೇ ಬೆಂಚಿನವನು