ಬಾಬ್ ಬ್ರ್ಯಾಗ್ ಪುಸ್ತಕ ಅಚ್ಚಿಗೆ ಹೋಯಿತು: ಋಣ ನೆನೆಯಲು ನಾಲ್ಕು ಮಾತು

ಅಂತೂ ಪುಸ್ತಕ ಅಚ್ಚಿಗೆ ಹೋಯಿತು. ರಾಬರ್ಟ್ ಚಾರ್ಲ್ಸ್ ಬ್ರ್ಯಾಗ್, ಮನೆಯವರ ಬಾಯಲ್ಲಿ ಬಾಬ್. ಬ್ರಿಟಿಷ್ ಸೇನೆಯ ಫಿರಂಗಿ ದಳವಾದ ರಾಯಲ್ ಫೀಲ್ಡ್ ಆರ್ಟಿಲರಿಯಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿದ್ದ. ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ಗಾಯಗೊಂಡು 1915ರ ಸೆಪ್ಟೆಂಬರ್ 2ರಂದು ತೀರಿಕೊಂಡಾಗ ವಯಸ್ಸು 22. ಇಂಥವನ ಬಗ್ಗೆ ಕನ್ನಡದಲ್ಲಿ ಪುಸ್ತಕ ಯಾಕೆ ಎಂದು ಕೇಳಿದವರೇ ಹೆಚ್ಚು. ಕೇಳದೆ ಕೈಜೋಡಿಸಿದವರು ಕೆಲವರು. ಇಬ್ಬರಿಗೂ ವಂದನೆ. ಆ ಪ್ರಶ್ನೆ ಕಿವಿಗೆ ಬೀಳುತ್ತಲೇ ಇದ್ದುದರಿಂದ ಮುನ್ನುಡಿಯನ್ನು ಮತ್ತೆ ಮತ್ತೆ ತಿದ್ದಿದೆ, ಅದಕ್ಕೂ ಒಳ್ಳೆಯದೇ ಆಯಿತು.

ಮೊದಲ ಋಣ ಭೌತಶಾಸ್ತ್ರ ಪಾಠ ಮಾಡುವ ಗೆಳೆಯರದು. ಕ್ಷ-ಕಿರಣದಿಂದ ಸ್ಫಟಿಕದ ಒಳರಚನೆ ತಿಳಿಯುವ ಬ್ರ್ಯಾಗ್ ನಿಯಮ ಕಲಿಸುವಾಗ ಅಪ್ಪ ವಿಲಿಯಂ ಹೆನ್ರಿ, ಮಗ ಲಾರೆನ್ಸ್ ಇಬ್ಬರಿಗೂ 1915ರ ನೊಬೆಲ್ ಒಟ್ಟಿಗೆ ಬಂತು ಎಂದು ಎಲ್ಲರೂ ಹೇಳುತ್ತಾರೆ. ಇವರು ಮಾತ್ರ, "ಆ ಮನೆಯಲ್ಲಿ ಇನ್ನೊಬ್ಬ ಮಗನಿದ್ದ ಮಾರಾಯ್ರೆ, ಅದೇ ವರ್ಷ ಹೋದ" ಎಂದು ಒಂದು ಕಟ್ಟು ಜೆರಾಕ್ಸ್ ಪ್ರತಿಗಳನ್ನು ನನ್ನ ಕೈಗಿಟ್ಟರು. ನೊಬೆಲ್ ಸುದ್ದಿ ಬಂದದ್ದು ನವೆಂಬರಿನಲ್ಲಿ, ತಮ್ಮ ಸತ್ತು ಎರಡು ತಿಂಗಳ ಮೇಲೆ. ಲಾರೆನ್ಸ್ ಆಗ ಬೆಲ್ಜಿಯಂನ ಯುದ್ಧಭೂಮಿಯ ಒಂದು ಹಳ್ಳಿಯಲ್ಲಿದ್ದ. ಊರಿನ ಪಾದ್ರಿ ನೆಲಮಾಳಿಗೆಯಿಂದ ವೈನ್ ತಂದು ಸಂಭ್ರಮಿಸಿದನಂತೆ. ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಹುಟ್ಟಿ ಬೆಳೆದ ಆ ಇಬ್ಬರು ಹುಡುಗರ ಮನೆತನವನ್ನು ಹುಡುಕಲು ಹೊರಟವನು ನಾನು ಅಲ್ಲೇ ಮುಳುಗಿಬಿಟ್ಟೆ.

ಯಾಕೆಂದರೆ ಆ ಮನೆತನವೇ ಒಂದು ಪುಸ್ತಕಕ್ಕಾಗುವಷ್ಟಿದೆ. ತಾಯಿಯ ಅಪ್ಪ ಚಾರ್ಲ್ಸ್ ಟಾಡ್, ಆಸ್ಟ್ರೇಲಿಯದ ನಡುಮರುಭೂಮಿ ದಾಟಿಸಿ ಉತ್ತರದ ಡಾರ್ವಿನ್‌ವರೆಗೆ ಟೆಲಿಗ್ರಾಫ್ ತಂತಿ ಎಳೆಸಿದವರು. 1872ರಲ್ಲಿ ಅದು ಮುಗಿದಾಗ ಖಂಡದ ಒಂದು ತುದಿಯ ಸುದ್ದಿ ಇನ್ನೊಂದು ತುದಿಗೆ ಮುಟ್ಟಿತು. ಆಲಿಸ್ ಸ್ಪ್ರಿಂಗ್ಸ್ ಊರಿಗೆ ಹೆಸರು ಬಂದದ್ದು ಬಾಬ್‌ನ ಅಜ್ಜಿಯಿಂದ. ತಾಯಿ ಗ್ವೆಂಡಲಿನ್ ಜಲವರ್ಣ ಚಿತ್ರಗಳನ್ನು ಬರೆಯುತ್ತಿದ್ದರು. ತಂದೆ ಇಂಗ್ಲೆಂಡಿನಿಂದ 1886ರಲ್ಲಿ ಪ್ರೊಫೆಸರಾಗಿ ಬಂದು ಈ ಮನೆಯ ಅಳಿಯನಾದವರು.

ಬಾಬ್‌ನ ಬಾಲ್ಯದ ಒಂದು ಘಟನೆಗಂತೂ ನಾನು ಸೋತುಹೋದೆ. ಅಣ್ಣ ಮೂರು ಚಕ್ರದ ಸೈಕಲ್ ತುಳಿಯುತ್ತಿದ್ದಾಗ ಬಾಬ್ ಹಿಂದಿನಿಂದ ಛಂಗನೆ ಹಾರಿ ಹತ್ತಿದ. ಸೈಕಲ್ ಮಗುಚಿತು, ಅಣ್ಣನ ಎಡ ಮೊಣಕೈ ಮುರಿಯಿತು. ಕ್ಷ-ಕಿರಣ ಎಂಬುದೊಂದಿದೆ ಎಂದು ಜಗತ್ತಿಗೆ ಗೊತ್ತಾಗಿ ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಅಪ್ಪ ತಾವೇ ಹೊಂದಿಸಿಟ್ಟಿದ್ದ ಉಪಕರಣದ ಮುಂದೆ ಮಗನನ್ನು ಕೂರಿಸಿ, ಕಿಡಿ ಚಟಪಟ ಎನ್ನುತ್ತಿರುವಾಗಲೇ ಆ ಮೊಣಕೈಯ ಚಿತ್ರ ತೆಗೆದರು. ಆಸ್ಟ್ರೇಲಿಯದಲ್ಲಿ ಚಿಕಿತ್ಸೆಗಾಗಿ ತೆಗೆದ ಮೊದಮೊದಲ ಕ್ಷ-ಕಿರಣ ಚಿತ್ರಗಳಲ್ಲಿ ಅದೂ ಒಂದು. ಮುಂದೆ ಸ್ಫಟಿಕದೊಳಗೆ ಪರಮಾಣುಗಳು ಕೂತ ಬಗೆಯನ್ನು ಅದೇ ಕಿರಣದಿಂದ ಓದಲು ಕಲಿಸಿದ ಹುಡುಗ, ಅದರ ಎದುರು ಮೊದಲು ಕೂತದ್ದು ತಮ್ಮನ ತುಂಟಾಟದ ದೆಸೆಯಿಂದ! ಈ ಪ್ರಸಂಗವನ್ನು ಅಡಿಟಿಪ್ಪಣಿಗೆ ತಳ್ಳಬೇಡಿ ಎಂದು ಜಗಳಕ್ಕೇ ನಿಂತ ಕರಡು ತಿದ್ದುವ ಅಕ್ಕನಿಗೆ ವಿಶೇಷ ಧನ್ಯವಾದ. ಈಗದು ಎರಡನೇ ಅಧ್ಯಾಯ.

1909ರಲ್ಲಿ ಸಂಸಾರ ಇಂಗ್ಲೆಂಡಿನ ಲೀಡ್ಸ್‌ಗೆ ಬಂತು. ಅಣ್ಣನ ಹಿಂದೆಯೇ ಬಾಬ್ ಕೂಡ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜು ಸೇರಿದ. ಆಮೇಲೆ ಯುದ್ಧ. ಅವನ ಸೈನಿಕ ಬದುಕಿನ ಬಗ್ಗೆ ಪುಸ್ತಕದಲ್ಲಿ ಬರುವುದು ಕೆಲವೇ ಪುಟ, ಹಿಗ್ಗಿಸಿ ಬರೆಯಲು ಮನಸ್ಸಾಗಲಿಲ್ಲ. 1915ರ ಆಗಸ್ಟಿನಲ್ಲಿ ಬ್ರಿಟಿಷರು ಗಲಿಪೊಲಿಯ ಸುವ್ಲಾ ಕೊಲ್ಲಿಯಲ್ಲಿ ಇಳಿದರು. ಅಲ್ಲಿಂದ ಒಂದು ತಿಂಗಳು ತುಂಬುವ ಮೊದಲೇ ಬಾಬ್‌ನ ಕಥೆ ಮುಗಿಯುತ್ತದೆ.

ಇಲ್ಲಿ ನಮ್ಮ ಬೀದಿಯ ನಿವೃತ್ತ ಹವಾಲ್ದಾರರ ಹೆಸರನ್ನು ಹೇಳಬೇಕಿತ್ತು, ಅವರು ಬೇಡವೆಂದಿದ್ದಾರೆ. ಸೇವೆಯುದ್ದಕ್ಕೂ ಫಿರಂಗಿ ದಳದಲ್ಲಿದ್ದವರು. ಬಾಬ್ ಹೋದ ಹೊತ್ತಿನಲ್ಲೇ ಅಣ್ಣ ಲಾರೆನ್ಸ್‌ಗೆ ಶತ್ರುವಿನ ತೋಪು ಎಲ್ಲಿದೆಯೆಂದು ಅದರ ಸದ್ದಿನಿಂದಲೇ ಪತ್ತೆಹಚ್ಚುವ ಕೆಲಸ ಬಿದ್ದಿತ್ತು. ಅದನ್ನು ಓದಿದ್ದೆನೇ ಹೊರತು ತಲೆಗೆ ಹತ್ತಿರಲಿಲ್ಲ. ಹವಾಲ್ದಾರರು ಮೇಜು ಕುಟ್ಟಿ ತೋರಿಸಿದರು: ಶಬ್ದಕ್ಕಿಂತ ವೇಗವಾಗಿ ಬರುವ ಗುಂಡಿನದು ಮೊದಲು ಚಟೀರೆಂಬ ಸದ್ದು, ತೋಪಿನ ಬಾಯಿಯ ದಪ್ಪ 'ಧಂ' ಆಮೇಲೆ. ಬೇಕಾದದ್ದು ಎರಡನೆಯದು, ಆಗಿನ ಮೈಕ್ರೋಫೋನುಗಳು ಹಿಡಿಯುತ್ತಿದ್ದುದು ಮೊದಲನೆಯದನ್ನೇ. ಲಾರೆನ್ಸ್‌ಗೆ ದಾರಿ ಹೊಳೆದದ್ದು ಪಾಯಿಖಾನೆಯಲ್ಲಿ. ಮುಚ್ಚಿದ ಕೋಣೆಯಲ್ಲಿ ಕೂತಿದ್ದಾಗ ದೂರದ ತೋಪು ಹಾರಿದರೆ ಕಿವಿಗೆ ಅಷ್ಟಾಗಿ ಕೇಳದಿದ್ದರೂ ಗಾಳಿಯ ಒತ್ತಡ ಅವನನ್ನು ಆಸನದಿಂದ ಎತ್ತುತ್ತಿತ್ತು. ಆ ಒತ್ತಡವನ್ನು ಹಿಡಿಯುವುದು ಹೇಗೆ? ಟಕರ್ ಎಂಬ ಸಹೋದ್ಯೋಗಿ 1916ರಲ್ಲಿ, ಗಾಳಿ ತಾಗಿದರೆ ತಣ್ಣಗಾಗುವ ಬಿಸಿ ತಂತಿಯ ಮೈಕ್ರೋಫೋನ್ ಮಾಡಿಕೊಟ್ಟ. ಸಾಲಾಗಿ ಇಟ್ಟ ಮೈಕ್ರೋಫೋನುಗಳಿಗೆ 'ಧಂ' ಮುಟ್ಟುವ ಕ್ಷಣಗಳ ವ್ಯತ್ಯಾಸ ಲೆಕ್ಕಹಾಕಿ ತೋಪಿನ ಜಾಗ ಗುರುತಿಸತೊಡಗಿದರು. ಹವಾಲ್ದಾರರು ಬಿದ್ದುಬಿದ್ದು ನಕ್ಕು, "ನಮ್ಮ ಕಾಲದಲ್ಲೂ ಒಳ್ಳೆ ಐಡಿಯಾ ಬರ್ತಿದ್ದುದು ಅಲ್ಲೇ ಸಾರ್" ಅಂದರು.

ಬಾಬ್‌ನ ತಂಗಿಗೂ ನಾನು ಋಣಿ. ಅಣ್ಣ ಸತ್ತಾಗ ಎಂಟರ ಆಸುಪಾಸಿನ ಮಗು. ದೊಡ್ಡವಳಾಗಿ ತಂದೆಯ ಜೀವನಚರಿತ್ರೆ ಬರೆದಳು. ಮನೆಯ ಸುದ್ದಿಯನ್ನು ಮನೆಯವರೇ ಬರೆದಿಡದಿದ್ದರೆ ನನ್ನಂಥವರಿಗೆ ಸಿಗುವುದು ಸೇನೆಯ ಪಟ್ಟಿಯ ಒಂದು ಸಾಲು ಮಾತ್ರ.

ಮುಂಗಡ ಹಣ ಕಳಿಸಿ ತಾಳ್ಮೆಯಿಂದ ಕಾದ ಓದುಗರಿಗೆ ಶರಣು. ಅಚ್ಚು ತಡವಾದದ್ದಕ್ಕೆ ಕಾಗದದ ಬೆಲೆಯೊಂದೇ ಕಾರಣ, ಬೇರೇನಿಲ್ಲ. ಮೊದಲ ಪ್ರತಿ ಹವಾಲ್ದಾರರಿಗೆ. ತೋಪಿನ ಪುಟಗಳಲ್ಲಿ ತಪ್ಪಿದ್ದರೆ ಕೆಂಪು ಪೆನ್ನಿನಲ್ಲೇ ತಿದ್ದುವುದಾಗಿ ಈಗಾಗಲೇ ಹೇಳಿಬಿಟ್ಟಿದ್ದಾರೆ.