ಕಲೆಯ ಅತಿಥಿಗಳು ಮಡಿಕೇರಿಗೂ ಬರಲಿ

ಮಾನ್ಯ ಸಂಪಾದಕರೇ,

ಹೊರದೇಶದ ಕಲಾವಿದರು, ಪ್ರದರ್ಶನಗಳನ್ನು ರೂಪಿಸುವ ಕ್ಯುರೇಟರ್‌ಗಳು ಬೆಂಗಳೂರಿಗೆ ಬರುತ್ತಲೇ ಇರುತ್ತಾರೆ. ಒನ್ ಶಾಂತಿ ರೋಡ್‌ನಂಥ ಕಲಾವಿದರ ತಾಣದಲ್ಲಿ ಉಳಿಯುತ್ತಾರೆ, ನಾಲ್ಕಾರು ಸ್ಟುಡಿಯೊ ನೋಡುತ್ತಾರೆ, ಬಿನಾಲೆ ಎಂಬ ದೊಡ್ಡ ಕಲಾಮೇಳ ಇದ್ದರೆ ಕೊಚ್ಚಿಗೆ ವಿಮಾನ ಹತ್ತುತ್ತಾರೆ. ನಡುವೆ ಇರುವ ಕೊಡಗು ಅವರ ಲೆಕ್ಕದಲ್ಲೇ ಇಲ್ಲ. ಬಂದರೂ ಹೋಂಸ್ಟೇ, ಕಾಫಿ, ಅಬ್ಬಿ ಫಾಲ್ಸ್, ಅಷ್ಟೇ.

ಇಂಥ ಓಡಾಟಕ್ಕೆ ರಿಸರ್ಚ್ ವಿಸಿಟ್ ಅನ್ನುತ್ತಾರೆ. ಬಂದವರು ಪ್ರದರ್ಶನ ಮಾಡಲೇಬೇಕು ಅಂತೇನೂ ಇರುವುದಿಲ್ಲ, ಊರು ಸುತ್ತಿ, ಕೆಲಸ ಮಾಡುವವರ ಜೊತೆ ಕೂತು ಮಾತಾಡಿ, ಮುಂದೆ ಏನಾದರೂ ಒಟ್ಟಿಗೆ ಮಾಡಬಹುದಾ ಅಂತ ನೋಡಿ ಹೋಗುವುದು. ಸ್ವಿಟ್ಜರ್‌ಲೆಂಡಿನ ಕಲಾ ಸಂಸ್ಥೆ ಪ್ರೊ ಹೆಲ್ವೇಷಿಯಾ ಇದಕ್ಕೆ ಹಣವನ್ನೂ ಕೊಡುತ್ತದೆ, ಅಲ್ಲಿಯವರು ಇಲ್ಲಿಗೆ ಬರುವುದಕ್ಕೂ, ನಮ್ಮವರು ಅಲ್ಲಿಗೆ ಹೋಗುವುದಕ್ಕೂ. ಸುಮ್ನೆ ಸುತ್ತಾಟ ಅಂತ ನಗಬೇಡಿ. 1982ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶಿಲ್ಪಿ ಆಂಥೊನಿ ಕಾರೊ ಮತ್ತು ರಾಬರ್ಟ್ ಲೋಡರ್ ಸೇರಿ ಕಲಾವಿದರನ್ನು ಒಟ್ಟಿಗೆ ಕೂರಿಸಿ ನಡೆಸಿದ ಒಂದು ಶಿಬಿರದಿಂದ, ದೇಶ ದೇಶಗಳ ಕಲಾವಿದರನ್ನು ಬೆಸೆಯುವ ಟ್ರಯಾಂಗಲ್ ಎಂಬ ಜಾಲ ಹುಟ್ಟಿತು. ಅದರ ನಂಟಿನಿಂದಲೇ 1997ರಲ್ಲಿ ನಮ್ಮ ದೇಶದಲ್ಲಿ 'ಖೋಜ್' ಎಂಬ ಕಲಾವಿದರ ಸಂಸ್ಥೆ ಶುರುವಾಯಿತು.

ಇಲ್ಲಿಗೆ ಬಂದರೆ ಏನು ನೋಡುತ್ತಾರೆ ಅಂತ ಕೇಳಬಹುದು. ದಸರಾಕ್ಕೆ ಮುಂಚೆ ಮಡಿಕೇರಿಯಲ್ಲಿ, ಪುರಾಣಕಥೆಯ ಚಲಿಸುವ ಬೊಂಬೆಗಳನ್ನು ಕೂರಿಸಿ ಮೆರವಣಿಗೆಗೆ ಕಟ್ಟುವ ಯಾವುದಾದರೂ ಮಂಟಪದ ಶೆಡ್ಡಿಗೆ ಹೋಗಿ ನೋಡಿ. ಕಬ್ಬಿಣದ ಚೌಕಟ್ಟಿಗೆ ವೆಲ್ಡಿಂಗ್ ನಡೆದಿರುತ್ತದೆ. ಒಂದು ಮೂಲೆಯಲ್ಲಿ ರಾಕ್ಷಸನ ತಲೆ ಬಣ್ಣ ಒಣಗಲು ಕಾಯುತ್ತಿರುತ್ತದೆ, ಇನ್ನೊಂದು ಕಡೆ ಅವನ ಕೈಗೆ ಮೋಟಾರು ಕೂರಿಸಿ, ಎತ್ತಿದ ಗದೆ ಸರಿಯಾದ ಹೊತ್ತಿಗೆ ಇಳಿಯುತ್ತದಾ ಅಂತ ಹುಡುಗರು ರಾತ್ರಿಯೆಲ್ಲಾ ಪರೀಕ್ಷೆ ಮಾಡುತ್ತಿರುತ್ತಾರೆ. ವಿಜಯದಶಮಿ ರಾತ್ರಿ ಕೋಟೆ ಮಾರಿಯಮ್ಮ, ಪೇಟೆ ಶ್ರೀರಾಮಮಂದಿರ ಸೇರಿ ಹತ್ತು ದೇವಸ್ಥಾನಗಳ ಮಂಟಪಗಳು ಬೀದಿಗೆ ಬರುತ್ತವೆ, ಬೆಳಗಾಗುವಷ್ಟರಲ್ಲಿ ಎಲ್ಲಾ ಮುಗಿದಿರುತ್ತದೆ. ಚಲಿಸುವ ಶಿಲ್ಪ, ಬೆಳಕು, ಸದ್ದು, ಬೀದಿಯ ಜನ, ಇವನ್ನೇ ಬೇರೆ ಕಡೆ ಮಾಡಿದರೆ, ಇಡೀ ಜಾಗವನ್ನೇ ಕಲಾಕೃತಿಯಾಗಿಸುವ ಇನ್‌ಸ್ಟಲೇಷನ್ ಅಂತ ಕ್ಯಾಟಲಾಗ್ ಅಚ್ಚಾಗುತ್ತದೆ ಅಲ್ವಾ? ಇಲ್ಲಿ ಮಾಡಿದವರ ಹೆಸರೂ ಎಲ್ಲೂ ಬರುವುದಿಲ್ಲ. ಯಾವ ಮಂಟಪಕ್ಕೆ ಬಹುಮಾನ ಅನ್ನುವುದರ ಜಗಳ ಮಾತ್ರ ಪೇಪರಿನಲ್ಲಿ ಬರುತ್ತದೆ.

ಇದೆಲ್ಲಾ ಹಬ್ಬ, ಸಮಕಾಲೀನ ಕಲೆ ಅಲ್ಲ ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಕಲಿತು ಊರಿಗೆ ಮರಳಿ, ರೆಸಾರ್ಟ್ ಗೋಡೆಗೆ ಆನೆ ಬರೆದು ಹೊಟ್ಟೆ ಹೊರೆಯುವ ಹುಡುಗ ಹುಡುಗಿಯರೂ ಇಲ್ಲಿದ್ದಾರೆ. ಅವರನ್ನೂ ಭೇಟಿ ಮಾಡಲಿ. ಕಲಾವಿದ ಎನ್.ಎಸ್. ಹರ್ಷ ಮೈಸೂರಿನಲ್ಲೇ ಇದ್ದುಕೊಂಡು 2008ರಲ್ಲಿ ಬ್ರಿಟನ್ನಿನ ಆರ್ಟೆಸ್ ಮುಂಡಿ ಎಂಬ ಅಂತರರಾಷ್ಟ್ರೀಯ ಕಲಾ ಬಹುಮಾನ ಗೆದ್ದರು. ಮೈಸೂರು ನಮಗೆ ಏನು ದೂರ?

ಆದರೆ ಒಂದು ಮಾತು. ಬಂದವರು ಫೋಟೊ ಹೊಡೆದುಕೊಂಡು ಹೋಗಿ ಅಲ್ಲಿ ಪುಸ್ತಕ ಮಾಡಿ, ನಮಗೆ ಒಂದು ಪ್ರತಿಯೂ ಬರದಿದ್ದರೆ ಅದರಿಂದ ಯಾರಿಗೂ ಉಪಯೋಗ ಇಲ್ಲ. ಅಲ್ಲಿಂದ ಒಬ್ಬರು ಬಂದರೆ ಇಲ್ಲಿಂದ ಒಬ್ಬರು ಹೋಗಬೇಕು, ಅದೂ ಇಂಗ್ಲಿಷ್ ಚೆನ್ನಾಗಿ ಬರುವವರೇ ಆಗಬೇಕೆಂದಿಲ್ಲ. ವೀಸಾ, ಅರ್ಜಿ ಇವುಗಳಿಗೆ ಯಾರಾದರೂ ಜೊತೆಗೆ ನಿಂತರೆ ಸಾಕು.

ಲಲಿತಕಲಾ ಅಕಾಡೆಮಿಯವರು ಮೊದಲು ಜಿಲ್ಲೆಯ ಕಲಾವಿದರ ಒಂದು ಪಟ್ಟಿ ಮಾಡಲಿ, ಮಂಟಪದವರನ್ನೂ ಬಿಡದೆ. ದಸರಾ ಸಮಿತಿಯವರು ಈ ಸಲ ಕೆಲಸ ನಡೆಯುವಾಗಲೇ ಎರಡು ಶೆಡ್ಡುಗಳನ್ನು ಅತಿಥಿಗಳಿಗೆ ತೆರೆದಿಡಲಿ. ಉಳಿಯಲು ರೂಮು ಹುಡುಕುವುದೇನೂ ಕೊಡಗಿನಲ್ಲಿ ಕಷ್ಟ ಅಲ್ಲ.

— ಒಬ್ಬ ಚಿತ್ರಕಲಾ ಶಿಕ್ಷಕ, ವಿರಾಜಪೇಟೆ