ಅಮ್ಮನಿಗೆ, ಮಂಡಿ ಆಪರೇಷನ್ನಿಗೆ ಮೊದಲು

ಬಾಸ್ಟನ್
ಜೂನ್ 8

ಅಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ. ಮೊನ್ನೆ ಫೋನಿನಲ್ಲಿ ನೀನು "ನನಗೇನು ಭಯ, ಆರಾಮಾಗಿದ್ದೀನಿ" ಅಂದೆ. ಆಮೇಲೆ ಅಪ್ಪ ಹಿತ್ತಲಿಗೆ ಹೋಗಿ ಫೋನ್ ಮಾಡಿ ನಿಜ ಹೇಳಿದರು. ರಾತ್ರಿ ಎರಡಕ್ಕೆ ಎದ್ದು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂರುತ್ತೀಯಂತೆ. ಮೂರು ತಿಂಗಳಿಗಾಗುವಷ್ಟು ಅಕ್ಕಿ ಹಸನಾಗಿದೆಯಂತೆ. ಅಪ್ಪನನ್ನು ಬೈಬೇಡ. ಫೋನಿನಲ್ಲಿ ನೀನು ಮಾತು ಮರೆಸುತ್ತೀಯ, ಅದಕ್ಕೇ ಪತ್ರ.

ಹೋದ ವರ್ಷ ನನ್ನ ಪಿತ್ತಕೋಶ ತೆಗೆದಾಗ ನಡೆದದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಹಿಂದಿನ ರಾತ್ರಿ ಮೂರರವರೆಗೆ ಫೋನಿನಲ್ಲಿ ಆಪರೇಷನ್ ವಿಡಿಯೊ ನೋಡುತ್ತಾ ಕೂತಿದ್ದೆ, ದಡ್ಡಿ ಹಾಗೆ. ಆಸ್ಪತ್ರೆಯವರು ಎಂಟು ಪುಟದ ಕಾಗದ ಕೊಟ್ಟಿದ್ದರು, ಕೂತು ಹೇಳುವವರು ಒಬ್ಬರೂ ಇರಲಿಲ್ಲ. ಬೆಳಿಗ್ಗೆ ಕೈಯೆಲ್ಲ ಮಂಜುಗಡ್ಡೆ, ಬಿಪಿ ಏರಿತ್ತು. ಕೊನೇ ಗಳಿಗೆಯಲ್ಲಿ ಅರಿವಳಿಕೆ ಡಾಕ್ಟರಮ್ಮ ಬಂದು ಸ್ಟೂಲ್ ಎಳೆದುಕೊಂಡು ಕೂತರು. "ಔಷಧಿ ಹೋಗುವಾಗ ಕೈ ಸ್ವಲ್ಪ ಉರಿಯುತ್ತೆ. ಎದ್ದಾಗ ಗಂಟಲು ಕೆರೆಯುತ್ತೆ, ಅದು ಉಸಿರಿಗೆ ಇಟ್ಟ ಕೊಳವೆಯಿಂದ" ಅಂದರು. ಐದು ನಿಮಿಷ ಅಷ್ಟೆ. ಎದ್ದಾಗ ಗಂಟಲು ಕೆರೆಯಿತು. ಓ, ಇದು ಅದೇ ಅಂತ ಮತ್ತೆ ಕಣ್ಣು ಮುಚ್ಚಿದೆ. ಅವರು ಹೇಳದಿದ್ದರೆ ಏನೋ ಎಡವಟ್ಟಾಗಿದೆ ಅಂತ ವಾರ್ಡೆಲ್ಲ ಎಬ್ಬಿಸುತ್ತಿದ್ದೆ. ನಿನ್ನ ಮಗಳೇ ಅಲ್ವಾ.

ಇದೇ ಊರಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲೇ 1846ರಲ್ಲಿ ಈಥರ್ ಎಂಬ ಮತ್ತಿನ ಔಷಧಿ ಕೊಟ್ಟು, ಜನರೆದುರು ಆಪರೇಷನ್ ಮಾಡಿ ತೋರಿಸಿದ್ದು. ಆದರೆ ನಿನಗೆ ಬೇಕಾದ ಕಥೆ ಇನ್ನೊಂದು. ಅಲ್ಲಿನ ಎಗ್ಬರ್ಟ್ ಎಂಬ ಅರಿವಳಿಕೆ ಡಾಕ್ಟರು ಹೊಟ್ಟೆ ಆಪರೇಷನ್ನಿಗೆ ಬಂದ 97 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಹಿಂದಿನ ರಾತ್ರಿಯೇ ನೋವು ಎಲ್ಲಿ ಬರುತ್ತೆ, ಎಷ್ಟು ಹೊತ್ತು ಇರುತ್ತೆ, ಹೇಗೆ ಮಗ್ಗುಲಾದರೆ ಕಡಿಮೆ ಅಂತ ಹೇಳಿದರು. ಅವರಿಗೆ ನೋವಿನ ಔಷಧಿ ಸುಮಾರು ಅರ್ಧ ಸಾಕಾಯಿತು. ಮನೆಗೂ ಸರಾಸರಿ 2.7 ದಿನ ಮೊದಲೇ ಹೋದರು. ಯಾರಿಗೆ ಹೇಳಿದ್ದು, ಯಾರಿಗೆ ಇಲ್ಲ ಅಂತ ಡಿಸ್ಚಾರ್ಜ್ ಮಾಡುವ ಸರ್ಜನ್ನರಿಗೆ ಗೊತ್ತೇ ಇರಲಿಲ್ಲ. ಇದು 1964ರಲ್ಲಿ ಪ್ರಕಟವಾದದ್ದು, ಅಂದರೆ ಹಳೇ ಮಾತು. ಆದರೂ ನನಗೆ ಎಂಟು ಪುಟದ ಕಾಗದ ಕೊಟ್ಟರು ನೋಡು!

ಅದಕ್ಕೇ, ಆಪರೇಷನ್ನಿಗೆ ಮೊದಲು ಅರಿವಳಿಕೆ ಡಾಕ್ಟರನ್ನು ಕಾಣಲೇಬೇಕು ಅಂತ ಕೇಳು. "ಅವರಿಗೆ ಸುಮ್ನೆ ಯಾಕೆ ತೊಂದರೆ" ಅನ್ನಬೇಡ. ನಿನಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತಾರಂತೆ. ಹಾಗಾದರೆ ನೀನು ಎಚ್ಚರವಾಗಿಯೇ ಇರಬಹುದು. ನೋವಿರಲ್ಲ, ಆದರೆ ಗರಗಸದ ಸದ್ದು, ಸುತ್ತಿಗೆ ಸದ್ದು ಕೇಳಿಸಬಹುದು. ಮಂಡಿ ಬದಲಿಸೋದು ಅರ್ಧ ಬಡಗಿ ಕೆಲಸವೇ. ಗಾಬರಿ ಮಾಡಲು ಹೇಳ್ತಿಲ್ಲ, ಅಲ್ಲಿ ಮಲಗಿದಾಗ ಹೊಸದಾಗಿ ಕೇಳಿ ಬೆಚ್ಚಬಾರದು ಅಂತ. ಇಯರ್‌ಫೋನಿನಲ್ಲಿ ದೇವರನಾಮ ಹಾಕಿಕೊಳ್ಳಬಹುದಾ, ಮಂಪರಿಗೆ ಏನಾದರೂ ಕೊಡ್ತೀರಾ ಅಂತ ಕೇಳು. ಆಮೇಲೆ ಕೆಲವು ಗಂಟೆ ಕಾಲು ನಿನ್ನದಲ್ಲ ಅನ್ನಿಸುತ್ತೆ. ಅದೂ ಗೊತ್ತಿರಲಿ.

ನಿದ್ದೆ ಬಾರದೆ ಹೊರಳಾಡುವ ಬದಲು ಎದ್ದು ಕೂರೋದು ಸರಿಯೇ. ಅಕ್ಕಿ ಆರಿಸು, ಆದರೆ ಟ್ಯೂಬ್‌ಲೈಟ್ ಬೇಡ, ಸಣ್ಣ ಬಲ್ಬ್ ಸಾಕು. ಕಣ್ಣು ಎಳೆಯತೊಡಗಿದ ತಕ್ಷಣ ಹೋಗಿ ಮಲಗು. ಸಂಜೆ ಕಾಫಿ ಬಿಡು. (ಬಿಡಲ್ಲ, ಗೊತ್ತು. ಅರ್ಧ ಲೋಟವಾದರೂ ಮಾಡು.) ಪಕ್ಕದ ಮನೆಯವರು ಕೊಟ್ಟ ನಿದ್ದೆ ಮಾತ್ರೆ ಮಾತ್ರ ಮುಟ್ಟಬೇಡ. ಈಗಾಗಲೇ ತಗೊಂಡಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡ, ನೀನು ಕುಡಿಯುವ ಕಷಾಯದ ವಿಷಯವನ್ನೂ ಹೇಳು. ಒಂದು ರಾತ್ರಿ ನಿದ್ದೆ ಕೆಟ್ಟರೆ ಆಪರೇಷನ್ ಕೆಡಲ್ಲ, ಆ ಚಿಂತೆಯೂ ಬೇಡ.

ಮತ್ತೆ ಎಚ್ಚರವಾದರೆ ನನಗೆ ಫೋನ್ ಮಾಡು. ನಿನಗೆ ರಾತ್ರಿ ಎರಡು ಅಂದ್ರೆ ನನಗಿಲ್ಲಿ ಸಂಜೆ ನಾಲ್ಕೂವರೆ. ಚಹಾ ಹೊತ್ತು, ನಾನೂ ಖಾಲಿ ಕೂತಿರುತ್ತೇನೆ.

ನಿನ್ನ ಮಗಳು